ಮಳೆಗಾಲಕ್ಕೆ ಮುನ್ನ ಡೈರೆಕ್ಟರಿ ಸರ್ವರ್ ಬ್ಯಾಕಪ್: ತೆಗೆಯುವುದು ಹೇಗೆ, ಮರಳಿಸುವುದು ಹೇಗೆ?

ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್ ಇರಲಿ, ಮಡಿಕೇರಿಯ ರೆಸಾರ್ಟ್ ಇರಲಿ, ಹತ್ತಿಪ್ಪತ್ತು ಕಂಪ್ಯೂಟರ್ ಇರುವ ಕಚೇರಿಯಲ್ಲಿ ಹೆಚ್ಚಾಗಿ ಮೂಲೆಯಲ್ಲೊಂದು ವಿಂಡೋಸ್ ಸರ್ವರ್ ಇರುತ್ತದೆ. ಯಾರ ಪಾಸ್‌ವರ್ಡ್ ಏನು, ಯಾರಿಗೆ ಯಾವ ಫೋಲ್ಡರ್ ತೆರೆಯಬೇಕು, ಯಾವ ಕಂಪ್ಯೂಟರ್ ನಮ್ಮದು ಎಂಬ ಲೆಕ್ಕವೆಲ್ಲ ಅದರೊಳಗಿನ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಕೂತಿರುತ್ತದೆ. ಆ ಯಂತ್ರಕ್ಕೆ ಡೊಮೈನ್ ಕಂಟ್ರೋಲರ್ ಎಂದು ಹೆಸರು. ಟ್ಯಾಲಿ ಡೇಟಾವನ್ನು ದಿನಾ ತಪ್ಪದೆ ಕಾಪಿ ಮಾಡಿಕೊಳ್ಳುವವರೂ ಇದರ ಬ್ಯಾಕಪ್ ಮರೆತಿರುತ್ತಾರೆ.

ಕೊಡಗಿನಲ್ಲಿ ಇದಕ್ಕೆ ಮುಹೂರ್ತ ಮೇ ತಿಂಗಳು ಮುಗಿಯುವುದರೊಳಗೆ. ಏಪ್ರಿಲ್-ಮೇನಲ್ಲಿ ಸಿಡಿಲು, ಜೂನ್‌ನಿಂದ ಲೈನ್ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲ. ಹೋಗಿ ಬಂದು ಮಾಡುವ ಕರೆಂಟ್‌ಗೆ ಸರ್ವರ್‌ನ ಡಿಸ್ಕು, ಪವರ್ ಸಪ್ಲೈ ಎರಡೂ ಬಲಿಯಾಗುತ್ತವೆ. ಬಿಡಿಭಾಗಕ್ಕೆ ಮೈಸೂರಿನ ದಾರಿ ಕಾಯಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಂತೆ ರಸ್ತೆಯೇ ಕಡಿದರೆ ಅದೂ ಇಲ್ಲ.

ಸರ್ವರ್ ಸತ್ತದ್ದು ತಕ್ಷಣ ಗೊತ್ತಾಗದೆಯೂ ಇರಬಹುದು. ಹಿಂದೆ ಲಾಗಿನ್ ಆಗಿದ್ದವರ ಗುರುತನ್ನು ವಿಂಡೋಸ್ ಕಂಪ್ಯೂಟರ್‌ಗಳು ನೆನಪಿಟ್ಟುಕೊಂಡಿರುತ್ತವೆ, ಡೀಫಾಲ್ಟ್ ಆಗಿ ಕೊನೆಯ 10 ಲಾಗಿನ್‌ಗಳದ್ದು. ಹಾಗಾಗಿ ಬೆಳಿಗ್ಗೆ ಎಲ್ಲರೂ ಒಳಬರುತ್ತಾರೆ. ಶೇರ್ ಫೋಲ್ಡರ್ ತೆರೆಯದಿದ್ದಾಗ, ಪ್ರಿಂಟ್ ಬರದಿದ್ದಾಗ ‘ನೆಟ್ ಇಲ್ಲ’ ಎಂದು ರೂಟರ್ ಆಫ್-ಆನ್ ಮಾಡುತ್ತಾ ಅರ್ಧ ದಿನ ಕಳೆಯುತ್ತದೆ.

ಏನನ್ನು ಬ್ಯಾಕಪ್ ಮಾಡಬೇಕು?

ಡೈರೆಕ್ಟರಿಯ ದತ್ತಾಂಶ ಇರುವುದು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನಲ್ಲಿ, ಎನ್‌ಟಿಡಿಎಸ್ ಡಾಟ್ ಡಿಐಟಿ ಎಂಬ ಕಡತದಲ್ಲಿ. ಅದೊಂದನ್ನೇ ಕಾಪಿ ಮಾಡಿ ಪ್ರಯೋಜನವಿಲ್ಲ. ಸರ್ವರ್ ಓಡುತ್ತಿರುವಾಗ ಅದು ಸದಾ ತೆರೆದೇ ಇರುತ್ತದೆ, ಜೊತೆಗೆ ರಿಜಿಸ್ಟ್ರಿ, ಬೂಟ್ ಕಡತಗಳು, ಗ್ರೂಪ್ ಪಾಲಿಸಿ (ಎಲ್ಲ ಕಂಪ್ಯೂಟರ್‌ಗಳಿಗೂ ಅನ್ವಯಿಸುವ ನಿಯಮಗಳು) ಇರುವ ಸಿಸ್‌ವಾಲ್ ಫೋಲ್ಡರ್ ಎಲ್ಲವೂ ಒಂದೇ ಕ್ಷಣದ್ದಾಗಿರಬೇಕು. ಈ ಗಂಟಿಗೆ ಸಿಸ್ಟಮ್ ಸ್ಟೇಟ್ ಎನ್ನುತ್ತಾರೆ. ಅದೇ ಯಂತ್ರಕ್ಕೆ ಮರಳಿಸಲು ಇಷ್ಟು ಸಾಕು. ಯಂತ್ರವೇ ಸುಟ್ಟುಹೋದರೆ ಬೇಕಾಗುವುದು ಬೇರ್ ಮೆಟಲ್ ರಿಕವರಿ ಬ್ಯಾಕಪ್, ಅಂದರೆ ಖಾಲಿ ಯಂತ್ರಕ್ಕೆ ವಿಂಡೋಸ್ ಸಮೇತ ಎಲ್ಲವನ್ನೂ ಮರಳಿಸಬಲ್ಲ ಪ್ರತಿ. ಸಿಸ್ಟಮ್ ಸ್ಟೇಟ್ ಅದರೊಳಗೇ ಬರುವುದರಿಂದ ನಮ್ಮ ಸಲಹೆ ಎರಡನೆಯದಕ್ಕೇ.

ವರ್ಚುವಲ್ ಯಂತ್ರದ (ಒಂದು ಕಂಪ್ಯೂಟರ್‌ನೊಳಗೆ ತಂತ್ರಾಂಶವಾಗಿ ಓಡುವ ಇನ್ನೊಂದು ಕಂಪ್ಯೂಟರ್) ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಸ್ಥಿತಿಯ ಪ್ರತಿ, ಬ್ಯಾಕಪ್ ಅಲ್ಲ. ಎರಡು ಡೊಮೈನ್ ಕಂಟ್ರೋಲರ್ ಇರುವಲ್ಲಿ ಒಂದನ್ನು ಹಳೆಯ ಡಿಸ್ಕ್ ಇಮೇಜ್‌ಗೆ ಹಿಂದಕ್ಕೆ ಒಯ್ದರೆ ಇಬ್ಬರ ಲೆಕ್ಕ ತಾಳೆಯಾಗದೆ ಯುಎಸ್‌ಎನ್ ರೋಲ್‌ಬ್ಯಾಕ್ (ಬದಲಾವಣೆಗಳ ಕ್ರಮಸಂಖ್ಯೆ ಹಿಂದಕ್ಕೆ ಸರಿಯುವುದು) ಆಗುತ್ತದೆ. ಸರ್ವರ್‌ನ ದಿನಚರಿ ತೋರಿಸುವ ಇವೆಂಟ್ ವ್ಯೂಯರ್‌ನಲ್ಲಿ 2095 ಎಂಬ ಸಂಖ್ಯೆ ಕಂಡರೆ ಆದದ್ದು ಅದೇ. ವಿಂಡೋಸ್ ಸರ್ವರ್ 2012ರಿಂದ ಈಚೆಗೆ ಇದಕ್ಕೆ ಒಂದು ರಕ್ಷಣೆ ಬಂದಿದೆಯಾದರೂ ಅದನ್ನು ನೆಚ್ಚಿಕೊಳ್ಳುವುದು ಬೇಡ.

ಬ್ಯಾಕಪ್ ಇಡುವ ಕ್ರಮ

ಎರಡು ಯುಎಸ್‌ಬಿ ಹಾರ್ಡ್ ಡಿಸ್ಕ್ ಬೇಕು, ಒಂದು ಟಿಬಿಯವು ಸಣ್ಣ ಕಚೇರಿಗೆ ಧಾರಾಳ. ಪೆನ್‌ಡ್ರೈವ್ ನಡೆಯದು. ಡಿಸ್ಕ್‌ಗಳು ಖಾಲಿ ಇರಲಿ, ಏಕೆಂದರೆ ವಿಂಡೋಸ್ ಅವನ್ನು ಪೂರ್ತಿ ಅಳಿಸಿ ಫಾರ್ಮ್ಯಾಟ್ ಮಾಡುತ್ತದೆ.

1. ಸರ್ವರ್ ಮ್ಯಾನೇಜರ್‌ನಲ್ಲಿ ‘ಆ್ಯಡ್ ರೋಲ್ಸ್ ಅಂಡ್ ಫೀಚರ್ಸ್’ಗೆ ಹೋಗಿ, ಫೀಚರ್ಸ್ ಪಟ್ಟಿಯಿಂದ ವಿಂಡೋಸ್ ಸರ್ವರ್ ಬ್ಯಾಕಪ್ ಹಾಕಿಕೊಳ್ಳಿ. ಇದಕ್ಕೆ ಬೇರೆ ದುಡ್ಡಿಲ್ಲ.

2. ಎರಡೂ ಡಿಸ್ಕ್ ಚುಚ್ಚಿ, ಟೂಲ್ಸ್ ಮೆನುವಿನಿಂದ ಅದನ್ನು ತೆರೆದು ‘ಬ್ಯಾಕಪ್ ಶೆಡ್ಯೂಲ್’ ಒತ್ತಿ. ‘ಕಸ್ಟಮ್’ ಆರಿಸಿ, ‘ಆ್ಯಡ್ ಐಟಮ್ಸ್’ನಲ್ಲಿ ‘ಬೇರ್ ಮೆಟಲ್ ರಿಕವರಿ’ಗೆ ಟಿಕ್ ಹಾಕಿದರೆ ಬೇಕಾದದ್ದೆಲ್ಲ ತಾನಾಗಿ ಸೇರುತ್ತದೆ.

3. ಸಮಯ: ರಾತ್ರಿ ಎಂದರೆ ಯುಪಿಎಸ್ ಮೇಲೆ ಭಾರ, ಜನರೇಟರ್ ಹಾಕಲು ಜನ ಇರುವುದಿಲ್ಲ. ಮಳೆಗಾಲದಲ್ಲಿ ಮಧ್ಯಾಹ್ನ ಊಟದ ಹೊತ್ತೇ ಲೇಸು.

4. ಜಾಗ: ‘ಬ್ಯಾಕಪ್‌ಗಾಗಿಯೇ ಮೀಸಲಾದ ಡಿಸ್ಕ್’ ಎಂಬ ಆಯ್ಕೆಯಲ್ಲಿ ಎರಡನ್ನೂ ಗುರುತಿಸಿ. ಆಮೇಲೆ ಅವು ಎಕ್ಸ್‌ಪ್ಲೋರರ್‌ನಲ್ಲಿ ಕಾಣುವುದಿಲ್ಲ. ಕಾಣುತ್ತಿಲ್ಲವೆಂದು ಮತ್ತೆ ಫಾರ್ಮ್ಯಾಟ್ ಮಾಡಬೇಡಿ! ನೆಟ್‌ವರ್ಕ್ ಫೋಲ್ಡರ್‌ಗೆ ಹಾಕಿದರೆ ಕೊನೆಯ ಪ್ರತಿ ಮಾತ್ರ ಉಳಿಯುತ್ತದೆ, ಹಿಂದಿನದು ಅಳಿಯುತ್ತದೆ. ನಿನ್ನೆ ಕೆಟ್ಟದ್ದು ಇವತ್ತು ಗೊತ್ತಾದರೆ ಕೈಯಲ್ಲಿರುವುದು ಕೆಟ್ಟ ಪ್ರತಿಯೇ.

ಒಂದು ಡಿಸ್ಕ್ ಸರ್ವರ್‌ನಲ್ಲಿರಲಿ, ಇನ್ನೊಂದು ಹೊರಗೆ. ವಾರಕ್ಕೊಮ್ಮೆ ಅದಲುಬದಲು ಮಾಡಿ. ಕಚೇರಿ ಮಡಿಕೇರಿಯಲ್ಲಿದ್ದರೆ ಎರಡನೆಯದನ್ನು ಕುಶಾಲನಗರದಲ್ಲಿಡಬಹುದು. ಥಂಡಿಗೆ ಹಾಳಾಗದಂತೆ ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಕಳಚಿಟ್ಟ ಡಿಸ್ಕನ್ನು ರ‍್ಯಾನ್ಸಮ್‌ವೇರ್ ಕೂಡ ಮುಟ್ಟಲಾರದು. ಅದರಲ್ಲಿ ಎಲ್ಲರ ಪಾಸ್‌ವರ್ಡ್ ಹ್ಯಾಶ್‌ಗಳೂ (ಪಾಸ್‌ವರ್ಡಿನ ಸಂಕೇತ ರೂಪ) ಇರುವುದರಿಂದ ಬೀಗವಿರುವ ಬೀರುವೇ ಆಗಬೇಕು.

ಬ್ಯಾಕಪ್‌ಗೂ ವಾಯಿದೆ ಇದೆ. 180 ದಿನ ಮೀರಿದ್ದನ್ನು ಮರಳಿಸುವಂತಿಲ್ಲ. ತೀರಾ ಹಳೆಯ ಕಾಲದಲ್ಲಿ, ಅಂದರೆ ಸರ್ವರ್ 2003ರ ಮೊದಲ ಸರ್ವಿಸ್ ಪ್ಯಾಕ್‌ಗಿಂತ ಮುಂಚೆ ಹುಟ್ಟಿದ ಡೊಮೈನ್ ಆದರೆ ಅದು 60 ದಿನವೇ ಇರಬಹುದು. ಅಳಿಸಿದ ಖಾತೆಯ ಗುರುತನ್ನು ಡೈರೆಕ್ಟರಿ ಅಷ್ಟು ಕಾಲ ಮಾತ್ರ ಇಟ್ಟುಕೊಳ್ಳುತ್ತದೆ. ಅದಕ್ಕಿಂತ ಹಳೆಯ ಪ್ರತಿ ತಂದರೆ ಅಳಿದ ಖಾತೆಗಳು ಮತ್ತೆ ಎದ್ದು ಕೂರುತ್ತವೆ.

ಈಗಲೇ ಮಾಡಬೇಕಾದ ಎರಡು ಕೆಲಸ

ಮರಳಿಸುವಾಗ ಕೇಳುವುದು ಡೊಮೈನ್ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಅಲ್ಲ, ಡಿಎಸ್‌ಆರ್‌ಎಂ (ಡೈರೆಕ್ಟರಿಯನ್ನು ಮರಳಿಸಲೆಂದೇ ಇರುವ ರಿಪೇರಿ ಮೋಡ್) ಪಾಸ್‌ವರ್ಡ್. ಸರ್ವರ್ ಕೂರಿಸಿದ ದಿನ ಯಾರೋ ಟೈಪ್ ಮಾಡಿದ್ದು, ಆಮೇಲೆ ಅವರು ಕೆಲಸ ಬಿಟ್ಟಿರುತ್ತಾರೆ. ಬ್ಯಾಕಪ್ ಕೈಯಲ್ಲಿದ್ದೂ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಸರ್ವರ್ ಚೆನ್ನಾಗಿರುವಾಗಲೇ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಎನ್‌ಟಿಡಿಎಸ್‌ಯುಟಿಲ್’ ತೆರೆದು ‘ಸೆಟ್ ಡಿಎಸ್‌ಆರ್‌ಎಂ ಪಾಸ್‌ವರ್ಡ್’ ಮೂಲಕ ಹೊಸದನ್ನು ಇಡಿ. ಕಾಗದದಲ್ಲಿ ಬರೆದು ಲಕೋಟೆಗೆ ಹಾಕಿ ತಿಜೋರಿಯಲ್ಲಿಡಿ. ಕಂಪ್ಯೂಟರ್‌ನಲ್ಲಿ ಬರೆದಿಟ್ಟರೆ ಬೇಕಾದಾಗ ಆ ಕಂಪ್ಯೂಟರ್‌ಗೇ ಲಾಗಿನ್ ಆಗಲು ಬಾರದು.

ಎರಡನೆಯದು, ಆ್ಯಕ್ಟಿವ್ ಡೈರೆಕ್ಟರಿ ಅಡ್ಮಿನಿಸ್ಟ್ರೇಟಿವ್ ಸೆಂಟರ್‌ನಲ್ಲಿ ರಿಸೈಕಲ್ ಬಿನ್ ಸಕ್ರಿಯಗೊಳಿಸುವುದು. ಒಮ್ಮೆ ಹಾಕಿದರೆ ತೆಗೆಯಲಾಗದು, ತೆಗೆಯುವ ಅಗತ್ಯವೂ ಬಾರದು. ಕಾಫಿ ಕೊಯ್ಲು ಮುಗಿದು ಹಂಗಾಮಿ ಸಿಬ್ಬಂದಿಯ ಖಾತೆ ಅಳಿಸುವಾಗ ಕಾಯಂ ಸಿಬ್ಬಂದಿಯ ಖಾತೆಯೂ ಹೋದರೆ, ಬ್ಯಾಕಪ್ ಮುಟ್ಟದೆ ಒಂದೇ ಕ್ಲಿಕ್ಕಿನಲ್ಲಿ ಗುಂಪುಗಳ ಸಮೇತ ವಾಪಸ್ ತರಬಹುದು.

ಮರಳಿಸುವ ಕ್ರಮ

ಮೊದಲು ನೋಡಬೇಕಾದ್ದು ಎರಡನೇ ಡೊಮೈನ್ ಕಂಟ್ರೋಲರ್ ಬದುಕಿದೆಯೇ ಎಂದು. ಬದುಕಿದ್ದರೆ ಸತ್ತದ್ದನ್ನು ಎಬ್ಬಿಸಲು ಹೋಗಬೇಡಿ. ಅದರ ಹೊಣೆಗಳನ್ನು ಉಳಿದದ್ದಕ್ಕೆ ವಹಿಸಿ, ಹಳೆಯ ಹೆಸರು ತೆಗೆದು, ಹೊಸ ಯಂತ್ರವನ್ನು ಸೇರಿಸುವುದು ಸುಲಭ. ಹಾಗೆಂದು ಎರಡು ಸರ್ವರ್ ಇದ್ದವರಿಗೆ ಬ್ಯಾಕಪ್ ಬೇಡವೆಂದಲ್ಲ. ಇಲ್ಲಿ ಅಳಿಸಿದ್ದು ಕೆಲವೇ ಸೆಕೆಂಡಿನಲ್ಲಿ ಅಲ್ಲೂ ಅಳಿದಿರುತ್ತದೆ.

ಇರುವುದು ಒಂದೇ, ವಿಂಡೋಸ್ ಏಳುತ್ತಿದೆ, ಡೈರೆಕ್ಟರಿ ಮಾತ್ರ ಕೆಟ್ಟಿದೆ ಎಂದಾದರೆ:

1. ಮೊದಲು ಜನರೇಟರ್ ಹಾಕಿ, ಡೀಸೆಲ್ ನೋಡಿಕೊಳ್ಳಿ. ಸಿಸ್ಟಮ್ ಸ್ಟೇಟ್ ಮರಳಿಸುವುದನ್ನು ನಡುವೆ ನಿಲ್ಲಿಸುವಂತಿಲ್ಲ. ನಿಂತರೆ ವಿಂಡೋಸ್ ಬೂಟ್ ಆಗದೆ ಹೋಗಬಹುದು.

2. ‘ಎಂಎಸ್‌ಕಾನ್ಫಿಗ್’ನ ಬೂಟ್ ಟ್ಯಾಬ್‌ನಲ್ಲಿ ‘ಸೇಫ್ ಬೂಟ್’, ಅದರಡಿ ‘ಆ್ಯಕ್ಟಿವ್ ಡೈರೆಕ್ಟರಿ ರಿಪೇರ್’ ಆರಿಸಿ ರೀಸ್ಟಾರ್ಟ್ ಮಾಡಿ. ಹೆಸರಿನ ಜಾಗದಲ್ಲಿ ಚುಕ್ಕಿ, ಬ್ಯಾಕ್‌ಸ್ಲ್ಯಾಶ್, ಅಡ್ಮಿನಿಸ್ಟ್ರೇಟರ್ ಎಂದು ಹೊಡೆದು ಲಕೋಟೆಯ ಪಾಸ್‌ವರ್ಡ್ ಹಾಕಿ.

3. ವಿಂಡೋಸ್ ಸರ್ವರ್ ಬ್ಯಾಕಪ್‌ನಲ್ಲಿ ‘ರಿಕವರ್’, ನಂತರ ದಿನಾಂಕ, ಸಿಸ್ಟಮ್ ಸ್ಟೇಟ್, ‘ಒರಿಜಿನಲ್ ಲೊಕೇಶನ್’. ಅಲ್ಲಿರುವ ‘ಅಥಾರಿಟೇಟಿವ್ ರಿಸ್ಟೋರ್’ (ಮರಳಿಸಿದ ಪ್ರತಿಯೇ ಅಧಿಕೃತ ಎನ್ನುವ) ಚೌಕ ಅನ್ವಯಿಸುವುದು ಸಿಸ್‌ವಾಲ್‌ಗೆ, ಖಾತೆಗಳಿಗಲ್ಲ. ಒಂದೇ ಸರ್ವರ್ ಇರುವವರು ಅದಕ್ಕೆ ಟಿಕ್ ಹಾಕಬೇಕು.

4. ರೀಸ್ಟಾರ್ಟ್ ಆಗಿ ಮತ್ತೆ ಅದೇ ರಿಪೇರ್ ಮೋಡ್‌ಗೆ ಬರುತ್ತದೆ. ಎಂಎಸ್‌ಕಾನ್ಫಿಗ್‌ನ ಟಿಕ್ ತೆಗೆದು ಇನ್ನೊಮ್ಮೆ ರೀಸ್ಟಾರ್ಟ್ ಮಾಡಿ.

ಎರಡು ಸರ್ವರ್ ಇದ್ದು, ಅಳಿಸಿದ ವಿಭಾಗವನ್ನಷ್ಟೇ (ಡೈರೆಕ್ಟರಿಯೊಳಗಿನ ಖಾತೆಗಳ ಒಂದು ಗುಂಪು) ವಾಪಸ್ ತರಬೇಕಿದ್ದರೆ ನಾಲ್ಕನೇ ಹಂತದಲ್ಲಿ ಟಿಕ್ ತೆಗೆಯುವ ಮುನ್ನ ಎನ್‌ಟಿಡಿಎಸ್‌ಯುಟಿಲ್ ತೆರೆದು ‘ಆ್ಯಕ್ಟಿವೇಟ್ ಇನ್‌ಸ್ಟನ್ಸ್ ಎನ್‌ಟಿಡಿಎಸ್’, ‘ಅಥಾರಿಟೇಟಿವ್ ರಿಸ್ಟೋರ್’, ಬಳಿಕ ‘ರಿಸ್ಟೋರ್ ಸಬ್‌ಟ್ರೀ’ ಮತ್ತು ವಿಭಾಗದ ಪೂರ್ತಿ ಹೆಸರು ಕೊಡಬೇಕು. ಇದು ಆ ದಾಖಲೆಗಳ ಆವೃತ್ತಿ ಸಂಖ್ಯೆಯನ್ನು ಒಂದೇ ಸಲ ಮೇಲಕ್ಕೆ ಏರಿಸುತ್ತದೆ. ಹಾಗೆ ಮಾಡದಿದ್ದರೆ ಇನ್ನೊಂದು ಸರ್ವರ್ ಬಂದು ‘ಅಳಿಸಿದ್ದೇ ಹೊಸದು’ ಎಂದು ಮತ್ತೆ ಅಳಿಸಿಹಾಕುತ್ತದೆ.

ಯಂತ್ರವೇ ಹೋಗಿದ್ದರೆ ಅದೇ ಆವೃತ್ತಿಯ ವಿಂಡೋಸ್ ಸರ್ವರ್ ಡಿವಿಡಿ ಅಥವಾ ಯುಎಸ್‌ಬಿಯಿಂದ ಬೂಟ್ ಮಾಡಿ ‘ರಿಪೇರ್ ಯುವರ್ ಕಂಪ್ಯೂಟರ್’ ಮೂಲಕ ‘ಸಿಸ್ಟಮ್ ಇಮೇಜ್ ರಿಕವರಿ’ಗೆ ಹೋಗಿ. ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ದೊಡ್ಡದಿರಬೇಕು, ಒಂದು ಜಿಬಿ ಕಡಿಮೆಯಾದರೂ ಒಪ್ಪದು.

ಎದ್ದ ಮೇಲೆ

ಗಡಿಯಾರ ನೋಡಿ. ಬೋರ್ಡಿನ ಬ್ಯಾಟರಿ ಸತ್ತಿದ್ದರೆ ತಾರೀಖು ವರ್ಷಗಟ್ಟಲೆ ಹಿಂದೆ ಹೋಗಿರುತ್ತದೆ. ಸರ್ವರ್‌ಗೂ ಕಂಪ್ಯೂಟರ್‌ಗೂ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಗುರುತು ಪರಿಶೀಲಿಸುವ ಕರ್ಬರಾಸ್ ವ್ಯವಸ್ಥೆ ಲಾಗಿನ್ ಒಪ್ಪುವುದಿಲ್ಲ. ಐಪಿ ವಿಳಾಸ ಹಳೆಯದೇ ಇದೆಯೇ, ಸಿಸ್‌ವಾಲ್ ಮತ್ತು ನೆಟ್‌ಲಾಗನ್ ಶೇರ್‌ಗಳು ಕಾಣುತ್ತಿವೆಯೇ ನೋಡಿ, ಡೊಮೈನ್ ಕಂಟ್ರೋಲರ್ ಸರಿಯಿದೆಯೇ ಎಂದು ಪರೀಕ್ಷಿಸುವ ‘ಡಿಸಿಡಯಾಗ್’ ಓಡಿಸಿ.

ಕೆಲವು ಕಂಪ್ಯೂಟರ್‌ಗಳು ‘ಟ್ರಸ್ಟ್ ರಿಲೇಶನ್‌ಶಿಪ್ ಫೇಲ್ಡ್’ ಎನ್ನಬಹುದು. ಪ್ರತಿ ಕಂಪ್ಯೂಟರ್ ಸುಮಾರು 30 ದಿನಕ್ಕೊಮ್ಮೆ ಸರ್ವರ್ ಜೊತೆಗಿನ ತನ್ನ ಪಾಸ್‌ವರ್ಡನ್ನು ತಾನೇ ಬದಲಿಸಿಕೊಳ್ಳುತ್ತದೆ. ಬ್ಯಾಕಪ್ ಆದ ಮೇಲೆ ಬದಲಿಸಿಕೊಂಡವು ಈಗ ಹೊರಗುಳಿಯಬಹುದು. ಬ್ಯಾಕಪ್ ಹಳತಾದಷ್ಟೂ ಇಂಥವು ಹೆಚ್ಚು. ಅಂಥ ಕಂಪ್ಯೂಟರ್‌ಗೆ ಲೋಕಲ್ ಅಡ್ಮಿನಿಸ್ಟ್ರೇಟರ್ ಆಗಿ ಹೋಗಿ ಡೊಮೈನ್‌ನಿಂದ ಬಿಡಿಸಿ ಮತ್ತೆ ಸೇರಿಸಿದರೆ ಸರಿಹೋಗುತ್ತದೆ. ಲೋಕಲ್ ಪಾಸ್‌ವರ್ಡ್ ಕೂಡ ಅದೇ ಲಕೋಟೆಯಲ್ಲಿರಲಿ.