ಬಟನ್ ಒತ್ತಿದರೂ ಶುರುವಾಗದ ಕಾರು: ನನ್ನ ಅನುಭವ

ನನ್ನ ಕಾರಿನಲ್ಲಿ ಕೀಲಿ ತಿರುಗಿಸುವ ವ್ಯವಸ್ಥೆಯಿಲ್ಲ; ಕೀ ಜೇಬಿನಲ್ಲಿದ್ದು, ಬ್ರೇಕ್ ಅದುಮಿ ಬಟನ್ ಒತ್ತಿದರೆ ಎಂಜಿನ್ ಶುರುವಾಗಬೇಕು. ಒಂದು ಬೆಳಿಗ್ಗೆ ಹಾಗೆ ಒತ್ತಿದಾಗ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆ ಮಂಕಾಗಿ, ಬಾನೆಟ್‌ನ ಒಳಗೆಲ್ಲೋ ‘ಟಕ್’ ಎಂದು ಸದ್ದಾಗಿ, ಪರದೆಯ ಮೇಲೆ ಕೀ ಪತ್ತೆಯಾಗಿಲ್ಲವೆಂಬ ಸೂಚನೆ ಬಂದಿತು. ಎರಡನೆಯ ಸಲ ಒತ್ತಿದಾಗ ಏನೂ ಆಗಿಲ್ಲವೆಂಬಂತೆ ಎಂಜಿನ್ ಶುರುವಾಯಿತು. ವಾರಕ್ಕೆರಡು ಮೂರು ಸಲ ಇದೇ ಆಟ ನಡೆಯತೊಡಗಿತು.

ಸೂಚನೆಯನ್ನು ನಂಬಿ ಮೊದಲು ಕೀ ಒಳಗಿನ ಸಿಆರ್2032 ಎಂಬ ನಾಣ್ಯದಂಥ ಸೆಲ್ ಬದಲಿಸಿದೆ. ಫಲವಾಗಲಿಲ್ಲ. ಸೆಲ್ ಪೂರ್ತಿ ಸತ್ತಿದ್ದರೂ ಕೀಯನ್ನು ಬಟನ್‌ಗೆ ತಾಗಿಸಿ ಹಿಡಿದರೆ ಅದರೊಳಗಿನ ಚಿಪ್ಪನ್ನು ಅನೇಕ ಕಾರುಗಳು ಓದಬಲ್ಲವು. ನನ್ನ ಕಾರಿನಲ್ಲಿಯೂ ಆ ಅನುಕೂಲವಿದೆ, ಆದರೆ ದೋಷ ಕಾಣಿಸಿಕೊಂಡಾಗ ಹಾಗೆ ಹಿಡಿದರೂ ಪ್ರಯೋಜನವಾಗಲಿಲ್ಲ. ಬ್ರೇಕ್ ಅದುಮಿದಾಗಲೆಲ್ಲ ಹಿಂದಿನ ಗೋಡೆಯ ಮೇಲೆ ಕೆಂಪು ಬೆಳಕು ಬೀಳುತ್ತಿದ್ದುದರಿಂದ ಬ್ರೇಕ್ ಸ್ವಿಚ್ಚಿನ ಮೇಲಿನ ಅನುಮಾನವನ್ನೂ ಬದಿಗಿಟ್ಟೆ.

ಇಲ್ಲಿ ಒಂದು ಮಾತನ್ನು ವಿವರಿಸಬೇಕು. ಇಂಥ ಕಾರಿನ ಬಟನ್, ಎಂಜಿನ್ನನ್ನು ಮೊದಲು ತಿರುಗಿಸಿ ಚಾಲೂ ಮಾಡುವ ಸ್ಟಾರ್ಟರ್ ಮೋಟಾರಿಗೆ ನೇರವಾಗಿ ವಿದ್ಯುತ್ ಹರಿಸುವುದಿಲ್ಲ. ಅದು ನಿಯಂತ್ರಣ ಘಟಕಕ್ಕೆ ಒಂದು ಅರ್ಜಿಯನ್ನಷ್ಟೇ ಸಲ್ಲಿಸುತ್ತದೆ. ಘಟಕವು ಕೀಯನ್ನು ರೇಡಿಯೋ ಸಂಕೇತದ ಮೂಲಕ ಹುಡುಕಿ, ಬ್ರೇಕ್ ಮತ್ತು ಗೇರಿನ ಸ್ಥಿತಿಯನ್ನು ಖಚಿತಪಡಿಸಿಕೊಂಡು, ಎಲ್ಲವೂ ಸರಿಯಿದ್ದರೆ ಮಾತ್ರ ಸ್ಟಾರ್ಟರ್ ರಿಲೇಗೆ (ಮೋಟಾರಿಗೆ ವಿದ್ಯುತ್ ಹರಿಸುವ ಸ್ವಿಚ್ಚಿಗೆ) ಅಪ್ಪಣೆ ಕೊಡುತ್ತದೆ. ‘ಟಕ್’ ಎಂಬ ಸದ್ದು ಬರುತ್ತಿತ್ತೆಂದರೆ ಅಪ್ಪಣೆ ಸಿಕ್ಕಿತ್ತು, ಅಂದರೆ ಕೀ ಪತ್ತೆಯಾಗಿತ್ತು ಎಂದೇ ಅರ್ಥ. ಇದು ನನಗೆ ಹೊಳೆಯಲು ಎರಡು ವಾರ ಬೇಕಾಯಿತು.

ಕಾರಿನ ಘಟಕಗಳು ದಾಖಲಿಸಿದ ದೋಷಗಳನ್ನು ಓದುವ ಸ್ಕ್ಯಾನರ್ ಜೋಡಿಸಿ ನೋಡಿದಾಗ ಪವರ್ ಸ್ಟಿಯರಿಂಗ್, ಎಬಿಎಸ್ ಮತ್ತು ಬಾಡಿ ಕಂಟ್ರೋಲ್ ಘಟಕಗಳು ಮೂರೂ ಕಡಿಮೆ ವೋಲ್ಟೇಜಿನ ದೂರನ್ನು ದಾಖಲಿಸಿದ್ದವು. ಒಂದಕ್ಕೊಂದು ಸಂಬಂಧವಿಲ್ಲದ ಘಟಕಗಳು ಒಟ್ಟಿಗೆ ದೂರು ಹೇಳಿದರೆ ಅವು ಹಂಚಿಕೊಂಡಿರುವ ಬ್ಯಾಟರಿಯನ್ನೋ ಅರ್ತಿಂಗನ್ನೋ (ವಿದ್ಯುತ್ ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿಯನ್ನೋ) ನೋಡಬೇಕು. ಘಟಕಗಳನ್ನೇ ಬದಲಿಸಹೊರಟರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ. ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್ ತೋರಿಸಿತು. ಆದರೆ ಹೊರೆ ಬೀಳದ ಬ್ಯಾಟರಿಯ ಅಳತೆಯನ್ನು ಪೂರ್ತಿ ನಂಬಲಾಗದು. ಆದ್ದರಿಂದ ಗೇರನ್ನು ಪಾರ್ಕ್‌ನಲ್ಲಿಟ್ಟು, ಬಟನ್ ಒತ್ತಲು ಮಗಳನ್ನು ಕೂರಿಸಿ, ನಾನು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ಬಾನೆಟ್ ಬಳಿ ನಿಂತೆ. ಎಂಜಿನ್ ತಿರುಗದೆ ‘ಟಕ್’ ಎಂದ ಕ್ಷಣದಲ್ಲಿಯೂ ಬ್ಯಾಟರಿಯ ಎರಡು ಕಂಬಗಳ ನಡುವೆ 11.5 ವೋಲ್ಟ್ ಇತ್ತು. ಹಾಗಾದರೆ ಕೊರತೆ ಬ್ಯಾಟರಿಯದಲ್ಲ, ದಾರಿಯದು.

ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ತಾಗಿಸಿದೆ. ಆ ದಾರಿ ಚೆನ್ನಾಗಿದ್ದರೆ ಸ್ಟಾರ್ಟರ್ ಎಳೆಯುವಾಗಲೂ ಅಲ್ಲಿ ಹೆಚ್ಚೆಂದರೆ ಅರ್ಧ ವೋಲ್ಟ್ ಕಾಣಬೇಕು. ನನಗೆ ಕಂಡದ್ದು 3 ವೋಲ್ಟ್. ತಂತಿಯನ್ನು ಎಂಜಿನ್ನಿನಿಂದ ಕಾರಿನ ಬಾಡಿಗೆ ಸರಿಸಿದಾಗಲೂ ಅಂಕಿ ಬಹುತೇಕ ಅಷ್ಟೇ ಇದ್ದುದರಿಂದ, ನೆಗೆಟಿವ್ ಕೇಬಲ್ ಬಾಡಿಗೆ ಸೇರುವ ಒಂದೇ ಬೋಲ್ಟ್ ಸಿಕ್ಕಿಬಿದ್ದಿತು. ಘಟಕಗಳ ಅರ್ತಿಂಗ್ ಕೂಡ ಅದೇ ಬಾಡಿಗೆ ಇರುವುದರಿಂದ ಅವುಗಳ ಪಾಲಿಗೆ ಉಳಿಯುತ್ತಿದ್ದುದು ಎಂಟೂವರೆ ವೋಲ್ಟ್ ಮಾತ್ರ. ಕೀ ಸಿಗಲಿಲ್ಲವೆಂದು ಅವು ಬಡಬಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಬ್ಯಾಟರಿಯ ನೆಗೆಟಿವ್ ಕಳಚಿ, ಆ ಬೋಲ್ಟನ್ನು ಬಿಚ್ಚಿ ನೋಡಿದೆ. ಮೇಲಿನಿಂದ ಏನೂ ಕಾಣದಿದ್ದರೂ ಉಂಗುರದಂಥ ಟರ್ಮಿನಲ್ಲಿನ ಕೆಳಗೆ ಬೂದು ಬಣ್ಣದ ಪುಡಿ ಕಟ್ಟಿಕೊಂಡಿತ್ತು. ಹೊಳೆಯುವ ಲೋಹ ಉಳಿದದ್ದು ಉಗುರಿನಷ್ಟಗಲ ಮಾತ್ರ. ಎರಡೂ ಮೈಗಳನ್ನು ಎಮರಿ ಕಾಗದದಿಂದ ಉಜ್ಜಿ, ಬಿಗಿದು, ಹೊರಗಡೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಮತ್ತೆ ಅಳೆದಾಗ 0.1 ವೋಲ್ಟ್ ಬಂದಿತು. ಬ್ಯಾಟರಿ ಕಳಚಿದ್ದರಿಂದ ಗಡಿಯಾರವನ್ನು ಸರಿಪಡಿಸಿ, ಕಿಟಕಿಯ ಗಾಜು ತಾನಾಗಿ ಏರುವುದನ್ನು ಕಾರಿಗೆ ಮತ್ತೆ ಕಲಿಸಬೇಕಾಯಿತು, ಅಷ್ಟೆ.

ಮೊದಲು ಬದಲಿಸಿದ ಆ ಹಳೆಯ ಸೆಲ್ ಅನ್ನು ಕೊನೆಗೊಮ್ಮೆ ಕುತೂಹಲಕ್ಕೆ ಅಳೆದೆ. ಸರಿಯಾಗಿ 3 ವೋಲ್ಟ್ ಇತ್ತು.