ಇಂಪ್ಲಾಂಟ್‌ಗೆ ಮುನ್ನ ನರದ ದಾರಿ ಗುರುತಿಸಿ

ಕಲಬುರಗಿಯ ನನ್ನ ದಂತ ಚಿಕಿತ್ಸಾಲಯಕ್ಕೆ ಆಳಂದ, ಅಫಜಲಪುರದ ಕಡೆಯಿಂದ ಬರುವವರ ಆಸೆ ಒಂದೇ: ಕಡಕ್ ರೊಟ್ಟಿಯನ್ನು ಮತ್ತೆ ಅಗಿದು ತಿನ್ನಬೇಕು. ಕಳೆದ ವರ್ಷ ಹೆಣ್ಣುಮಗಳೊಬ್ಬರು ಬಂದರು. ಬೇರೆಡೆ ಇಂಪ್ಲಾಂಟ್, ಅಂದರೆ ಕೃತಕ ಹಲ್ಲಿಗೆ ಬೇರಾಗಿ ದವಡೆಯ ಎಲುಬಿನಲ್ಲಿ ಕೂರಿಸುವ ತಿರುಪು, ಹಾಕಿಸಿಕೊಂಡ ಮೇಲೆ ಕೆಳತುಟಿ ಜೋಮು ಹಿಡಿದು, ಚಹಾ ಗದ್ದಕ್ಕೆ ಇಳಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಅವರ ಕೈಚೀಲದಲ್ಲಿ ಸ್ಕ್ಯಾನ್ ಸಿಡಿ ಇತ್ತು. ಅದರ ಲಕೋಟೆಯನ್ನು ಯಾರೂ ಒಡೆದಿರಲಿಲ್ಲ. ಹೊಸದಾಗಿ ಇಂಪ್ಲಾಂಟ್ ಆರಂಭಿಸಿರುವ ಕಿರಿಯ ವೈದ್ಯರಿಗಾಗಿ, ಅವರೆದುರು ಕೂರುವ ರೋಗಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸ್ಕ್ಯಾನ್. ಓಪಿಜಿ ಎಕ್ಸ್‌ರೇ ಎಂದರೆ ಎರಡೂ ದವಡೆಗಳನ್ನು ಒಟ್ಟಿಗೆ ತೋರಿಸುವ ಚಪ್ಪಟೆ ಚಿತ್ರ; ಎಲುಬಿನ ಅಗಲವನ್ನು ತೋರಿಸುವುದಿಲ್ಲ, ಎತ್ತರವನ್ನೂ ಹಿಗ್ಗಿಸಿ ತೋರಿಸುತ್ತದೆ. ದವಡೆಯನ್ನು ಮೂರು ಆಯಾಮಗಳಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬೇಕು. ಒಂದೆರಡು ಹಲ್ಲಿಗೆ 5×5 ಸೆಂ.ಮೀ. ಭಾಗ ಸಾಕು, ಇಡೀ ಮುಖದ ಸ್ಕ್ಯಾನ್ ಮಾಡಿಸಿ ವಿಕಿರಣ ಹೆಚ್ಚಿಸಬೇಡಿ. ಮೂಗುತಿ, ಓಲೆ ತೆಗೆಸಿ, ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಹತ್ತಿಯ ಸುರುಳಿ ಕಚ್ಚಿಸಿ. ಹಾಳೆಯಲ್ಲಿ ಮುದ್ರಿಸಿಕೊಟ್ಟ ಚಿತ್ರಗಳಿಂದ ಯೋಜನೆ ಆಗದು, ಸ್ಕ್ಯಾನಿನ ಮೂಲ ಡಿಜಿಟಲ್ ರೂಪವಾದ ಡೈಕಾಮ್ ಕಡತವನ್ನೇ ಕೇಳಿ ಪಡೆಯಿರಿ.

ಎರಡನೆಯದು, ಹಲ್ಲನ್ನು ಮೊದಲು ಕೂರಿಸುವುದು. ಬಾಯಿಯ ಡಿಜಿಟಲ್ ಅಚ್ಚನ್ನು ಸ್ಕ್ಯಾನ್ ಮೇಲೆ ಹೊಂದಿಸಿ, ಬರಬೇಕಾದ ಹಲ್ಲಿನ ಆಕಾರವನ್ನು ಪರದೆಯ ಮೇಲೆ ಇಟ್ಟು, ಅದರ ಕೆಳಗೆ ಇಂಪ್ಲಾಂಟಿಗೆ ಜಾಗ ಹುಡುಕಿ.

ಮೂರನೆಯದು ನರ. ಕೆಳದವಡೆಯ ಎಲುಬಿನೊಳಗಿನ ನಾಳದಲ್ಲಿ ಸಾಗಿ ಕೆಳತುಟಿ, ಗದ್ದಕ್ಕೆ ಸ್ಪರ್ಶ ಕೊಡುವುದು ಇದೇ. ಎಡವುವುದು ಇಲ್ಲೇ. ಮೊದಲು ಹಲ್ಲು ಕಚ್ಚುವ ಮಟ್ಟ ಪರದೆಯಲ್ಲಿ ಅಡ್ಡಕ್ಕೆ ಸಮವಾಗುವಂತೆ ಚಿತ್ರವನ್ನು ತಿರುಗಿಸಿ. ಬಳಿಕ ದವಡೆಯ ಬಾಗಿಗೆ ಸರಿಯಾಗಿ ಎಲುಬಿನ ನಟ್ಟನಡುವೆ ರೇಖೆ ಎಳೆಯಿರಿ. ಎಲುಬನ್ನು ಹೋಳು ಮಾಡಿದಂತೆ ತೋರಿಸುವ ಅಡ್ಡಸೀಳುಗಳು ಈ ರೇಖೆಗೆ ಲಂಬವಾಗಿ ಬರುತ್ತವೆ. ರೇಖೆ ತಪ್ಪಿದರೆ ಸೀಳು ಓರೆಯಾಗುತ್ತದೆ. ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದಾಗ ಹೋಳು ಅಗಲವಾಗುವಂತೆ, 5 ಮಿ.ಮೀ. ಎಲುಬು 6 ಆಗಿ ಕಾಣುತ್ತದೆ. ಹಲ್ಲು ಬಿದ್ದ ಜಾಗದಿಂದ ನರ ಹುಡುಕಲು ಹೊರಡಬೇಡಿ, ಅಲ್ಲಿ ನಾಳದ ಗೋಡೆ ಎಷ್ಟೋ ಸಲ ಮಸುಕಾಗಿರುತ್ತದೆ. ಕೋರೆಹಲ್ಲಿನ ಹಿಂದಿನ ಎರಡು ಹಲ್ಲುಗಳ ಬೇರಿನ ಬಳಿ ಎಲುಬಿನ ಹೊರಮೈಗೆ ತೆರೆಯುವ ಮೆಂಟಲ್ ಫೊರಾಮೆನ್ ಎಂಬ ರಂಧ್ರವನ್ನು ಮೊದಲು ಹಿಡಿಯಿರಿ. ಅಲ್ಲಿಂದ ಹಿಂದಕ್ಕೆ ಒಂದೊಂದೇ ಸೀಳು ಸರಿಯುತ್ತ ಚುಕ್ಕೆ ಇಡಿ. ಸಜ್ಜೆ ಕಾಳಿನಷ್ಟು ಕಪ್ಪು ವೃತ್ತ, ಸುತ್ತ ತೆಳುವಾದ ಬಿಳಿ ಅಂಚು: ಅದೇ ನಾಳ. ಮಾಸಿಹೋದಲ್ಲಿ ಊಹಿಸದೆ, ಹಿಂದಿನ ತುದಿಯಿಂದ ಮುಂದಕ್ಕೆ ಬಂದು ಎರಡೂ ಗುರುತುಗಳನ್ನು ಕೂಡಿಸಿ. ಕೆಲವರಲ್ಲಿ ನರ ರಂಧ್ರವನ್ನು ದಾಟಿ ಮುಂದೆ ಹೋಗಿ, ಕುಣಿಕೆಯಂತೆ ಹಿಂದಿರುಗಿ ಹೊರಬೀಳುತ್ತದೆ. ರಂಧ್ರದ ಮುಂಭಾಗವನ್ನೂ ನೋಡಿ. ನರವನ್ನು ತಾನಾಗಿಯೇ ಗುರುತಿಸುವ ತಂತ್ರಾಂಶಗಳ ರೇಖೆಯನ್ನು ಪ್ರತಿ ಸೀಳಿನಲ್ಲೂ ಕಣ್ಣಿಂದ ಪರೀಕ್ಷಿಸದೆ ಒಪ್ಪಬೇಡಿ. ಸಿಬಿಸಿಟಿ ತೋರಿಸುವ ಎಲುಬಿನ ಸಾಂದ್ರತೆಯ ಅಂಕಿಗಳನ್ನಂತೂ ನಾನು ನಂಬುವುದಿಲ್ಲ. ಅವು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತವೆ.

ನಾಲ್ಕನೆಯದು ಲೆಕ್ಕ. ಎಲುಬಿನ ಅಂಚಿನಿಂದ ನಾಳಕ್ಕೆ 13 ಮಿ.ಮೀ. ಇದೆ ಎನ್ನಿ. ಅಂಚು ಕತ್ತಿಯಂತೆ ತೆಳುವಾಗಿದ್ದರೆ ಮೇಲಿನ 2 ಮಿ.ಮೀ. ಕೆಲಸಕ್ಕೆ ಬಾರದು. ನರದ ಮೇಲೆ 2 ಮಿ.ಮೀ. ಬಿಡಲೇಬೇಕು. ಉಳಿದದ್ದು 9. ಡ್ರಿಲ್‌ನ ಮೊನೆ ಇಂಪ್ಲಾಂಟ್‌ಗಿಂತ ತುಸು ಆಳಕ್ಕೆ ಇಳಿಯುತ್ತದೆಯಾದ್ದರಿಂದ ನಾನು 8 ಮಿ.ಮೀ. ಉದ್ದದ ಇಂಪ್ಲಾಂಟ್ ಆರಿಸುತ್ತೇನೆ. ಪಕ್ಕದ ಹಲ್ಲಿಗೆ 1.5, ಎರಡು ಇಂಪ್ಲಾಂಟ್‌ಗಳ ನಡುವೆ 3 ಮಿ.ಮೀ. ಅಂತರವಿರಲಿ. ನಾಲಗೆಯ ಬದಿಯಲ್ಲಿ ಎಲುಬು ಒಳಕ್ಕೆ ತಗ್ಗಾಗಿದ್ದರೆ ಎಚ್ಚರ: ಅಲ್ಲಿ ಡ್ರಿಲ್ ಹೊರಬಿದ್ದರೆ ಬಾಯಿತಳದಲ್ಲಿ ಅಪಾಯಕಾರಿ ರಕ್ತಸ್ರಾವವಾಗಬಹುದು.

ಡ್ರಿಲ್ ಎಲ್ಲಿ ಇಳಿಯಬೇಕೆಂದು ದಾರಿ ತೋರಲು ಈ ಯೋಜನೆಯಂತೆ ಮುದ್ರಿಸಿದ ಅಚ್ಚು, ಅಂದರೆ ಗೈಡ್, ಬಾಯಲ್ಲಿ ಅಲುಗಾಡಿದರೆ ಮತ್ತೆ ಮಾಡಿಸಿ, ಒತ್ತಿ ಹಿಡಿದು ಕೆಲಸ ಮುಗಿಸಬೇಡಿ.

ರೋಗಿಗಳು ನೆನಪಿಡಬೇಕಾದದ್ದೊಂದು: ಶಸ್ತ್ರಚಿಕಿತ್ಸೆಯ ಮರುದಿನವೂ ತುಟಿ ಮರಗಟ್ಟಿದ್ದರೆ ಅಂದೇ ವೈದ್ಯರಿಗೆ ಹೇಳಿ. ನರವನ್ನು ಒತ್ತುತ್ತಿರುವ ಇಂಪ್ಲಾಂಟನ್ನು ಬೇಗ ತೆಗೆದಷ್ಟೂ ಸ್ಪರ್ಶ ಮರಳುವ ಸಾಧ್ಯತೆ ಹೆಚ್ಚು. ಆ ಹೆಣ್ಣುಮಗಳು ತಾನಾಗಿ ಸರಿಹೋದೀತೆಂದು ಮೂರು ತಿಂಗಳು ಕಾದಿದ್ದರು.