ಪ್ಯಾಲಿಯೇಟಿವ್ ಕೇರ್ ಯಾರಿಗೆ ಬೇಕು? ಗುರುತಿಸುವುದು ಹೀಗೆ

"ಕೊನೆಗಾಲ ಬಂದಾಗ ನೋಡೋಣ." ಪ್ಯಾಲಿಯೇಟಿವ್ ಕೇರ್, ಅಂದರೆ ಗಂಭೀರ ಕಾಯಿಲೆ ಇರುವವರ ನೋವು, ನರಳಾಟ ತಗ್ಗಿಸುವ ಆರೈಕೆಯ ವಿಷಯ ಎತ್ತಿದರೆ ಮನೆಯವರೂ, ಎಷ್ಟೋ ಸಲ ಡಾಕ್ಟರುಗಳೂ ಹೇಳುವ ಮಾತು ಇದು. ಹೀಗೆ ಕಾದು ಕೂತದ್ದರಿಂದಲೇ ಎಷ್ಟೋ ಮಂದಿ ಸುಮ್ನೆ ನೋವು ತಿನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 5.68 ಕೋಟಿ ಜನರಿಗೆ ಈ ಆರೈಕೆ ಬೇಕು, ಸಿಗುತ್ತಿರುವುದು ಸುಮಾರು ಶೇ 14ರಷ್ಟು ಮಂದಿಗೆ. ಆ 5.68 ಕೋಟಿಯಲ್ಲಿ ಬದುಕಿನ ಕೊನೆಯ ವರ್ಷದಲ್ಲಿರುವವರು 2.57 ಕೋಟಿ. ಅಂದರೆ ಅರ್ಧಕ್ಕಿಂತ ಜಾಸ್ತಿ ಜನ ಇನ್ನೂ ಆ ಹಂತಕ್ಕೆ ಬಂದೇ ಇಲ್ಲ, ಆದರೂ ಅವರಿಗೆ ಆರೈಕೆ ಬೇಕು. ಹಾಗಾಗಿ ಇನ್ನೆಷ್ಟು ದಿನ ಅನ್ನುವ ಲೆಕ್ಕ ಬಿಡಿ, ಎಷ್ಟು ನರಳುತ್ತಿದ್ದಾರೆ ಅನ್ನುವುದನ್ನು ನೋಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್, ನರ್ಸ್, ಮನೆ ಮನೆಗೆ ಹೋಗುವ ಕಾರ್ಯಕರ್ತೆಯರು ಇದನ್ನು ದೊಡ್ಡ ಆಸ್ಪತ್ರೆಯವರಿಗಿಂತ ಬೇಗ ಕಾಣಬಲ್ಲರು, ಯಾಕಂದರೆ ಅವರಿಗೆ ರೋಗಿಯೂ ಗೊತ್ತು, ಮನೆಯೂ ಗೊತ್ತು.

ಮೊದಲು ಒಂದು ಪಟ್ಟಿ ಮಾಡಿ. ನಿಮ್ಮ ರಿಜಿಸ್ಟರ್ ತೆಗೆದು ವಾಸಿಯಾಗದ ದೀರ್ಘ ಕಾಯಿಲೆ ಇರುವವರ ಹೆಸರು ಬರೆದುಕೊಳ್ಳಿ. ಕ್ಯಾನ್ಸರ್ ಒಂದನ್ನೇ ನೋಡಬೇಡಿ. ಈ ಆರೈಕೆ ಬೇಕಾದ ವಯಸ್ಕರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯವರು ಶೇ 38.5, ಕ್ಯಾನ್ಸರಿನವರು ಶೇ 34 ಅಂತ ಅದೇ ಸಂಸ್ಥೆ ಹೇಳುತ್ತದೆ. ಹೃದಯ ಸೋತವರು, ಶ್ವಾಸಕೋಶ, ಕಿಡ್ನಿ, ಲಿವರ್ ಕೆಟ್ಟವರು, ಪಾರ್ಶ್ವವಾಯು ಆಗಿ ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆಯವರು, ಎಚ್‌ಐವಿ ಇರುವವರು, ಎಲ್ಲರೂ ಪಟ್ಟಿಗೆ ಬರಲಿ. ಮಕ್ಕಳನ್ನು ಮರೆಯಬೇಡಿ. ಇನ್ನೊಂದು ಗುಂಪು ಸುಲಭವಾಗಿ ಕೈತಪ್ಪಿ ಹೋಗುತ್ತದೆ: ಮೊದಲು ತಿಂಗಳು ತಿಂಗಳು ಬರುತ್ತಿದ್ದವರು, ಈಗ ಬರುತ್ತಿಲ್ಲ, ಅವರ ಮಾತ್ರೆಯನ್ನು ಮಗಳೋ ಪಕ್ಕದ ಮನೆಯವರೋ ಒಯ್ಯುತ್ತಾರೆ. ಯಾಕೆ ಬರುತ್ತಿಲ್ಲ ಅಂತ ಕೇಳಿ. ನಡೆಯೋಕೆ ಆಗುತ್ತಿಲ್ಲ ಅನ್ನುವ ಉತ್ತರ ಬಂದರೆ ಮನೆಗೇ ಹೋಗಿ ನೋಡಬೇಕು.

ಎರಡನೆಯದು, ಪಟ್ಟಿಯ ಒಬ್ಬೊಬ್ಬರ ಹೆಸರು ನೋಡುತ್ತಾ ನಿಮಗೆ ನೀವೇ ಕೇಳಿಕೊಳ್ಳಿ: "ಇವರು ಇನ್ನೊಂದು ವರ್ಷದೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯ ಆಗುತ್ತದಾ?" ಇಲ್ಲ ಅಂತ ಅನಿಸಿದರೆ ಅವರನ್ನು ಹೆಚ್ಚು ಗಮನ ಕೊಟ್ಟು ನೋಡಿ. ಇದು ನಿಮ್ಮ ಮನಸ್ಸಿನೊಳಗಿನ ಪ್ರಶ್ನೆ, ರೋಗಿಯ ಮುಂದೆ ಆಡುವ ಮಾತಲ್ಲ. ಇದನ್ನೊಂದೇ ನೆಚ್ಚಿಕೊಳ್ಳಲೂಬೇಡಿ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ತೀರಿಕೊಂಡವರ ಪೈಕಿ ಶೇ 67ರಷ್ಟು ಮಂದಿಯನ್ನು ಮಾತ್ರ ಈ ಪ್ರಶ್ನೆ ಹಿಡಿದಿತ್ತು. ಮೂರರಲ್ಲಿ ಒಬ್ಬರು ತಪ್ಪಿಹೋದರು ಅಲ್ವಾ?

ಅದಕ್ಕೇ ಮೂರನೇ ಹೆಜ್ಜೆ ಮುಖ್ಯ: ಕಣ್ಣಿಗೆ ಕಾಣುವ ಲಕ್ಷಣಗಳು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸ್ಪಿಕ್ಟ್ ಎಂಬ ಒಂದು ಪುಟದ ಪಟ್ಟಿ ಇದೆ, ರಕ್ತಪರೀಕ್ಷೆ, ಸ್ಕ್ಯಾನ್ ಏನೂ ಬೇಡ. ದಿನದ ಅರ್ಧಕ್ಕಿಂತ ಜಾಸ್ತಿ ಹೊತ್ತು ಹಾಸಿಗೆಯಲ್ಲೋ ಕುರ್ಚಿಯಲ್ಲೋ ಕಳೆಯುತ್ತಾರಾ? ಸ್ನಾನ, ಬಟ್ಟೆ, ಶೌಚಕ್ಕೆ ಇನ್ನೊಬ್ಬರು ಬೇಕಾ? ಕೆಲವು ತಿಂಗಳಿಂದ ತೂಕ ಇಳಿಯುತ್ತಲೇ ಇದೆಯಾ? ಮತ್ತೆ ಮತ್ತೆ ತುರ್ತಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತಾ? ಸರಿಯಾದ ಔಷಧಿ ಕೊಟ್ಟರೂ ನೋವು, ದಮ್ಮು, ವಾಂತಿ ಬಿಡುತ್ತಿಲ್ಲವಾ? ನೋಡಿಕೊಳ್ಳುವವರೇ ಸುಸ್ತಾಗಿದ್ದಾರಾ? "ಇನ್ನು ಆಸ್ಪತ್ರೆ ಸಾಕು" ಅಂತ ರೋಗಿಯೇ ಹೇಳುತ್ತಿದ್ದಾರಾ? ಕೊನೆಯ ಎರಡನ್ನು ಜನ ಲಕ್ಷಣ ಅಂತಲೇ ಎಣಿಸುವುದಿಲ್ಲ, ನನ್ನ ಪ್ರಕಾರ ಅವೇ ಎಲ್ಲಕ್ಕಿಂತ ಮೊದಲು ಕೇಳಬೇಕಾದವು.

ಆಮೇಲೆ ಆಯಾ ಕಾಯಿಲೆಯ ಗುರುತು ನೋಡಿ. ಹೃದಯ ಅಥವಾ ಶ್ವಾಸಕೋಶದವರಿಗೆ ಕೂತಲ್ಲೇ, ಇಲ್ಲವೇ ನಾಲ್ಕು ಹೆಜ್ಜೆಗೇ ಏದುಸಿರು. ಕಿಡ್ನಿಯವರಲ್ಲಿ ಕಾಯಿಲೆ ತೀರಾ ಮುಂದುವರಿದ 4 ಅಥವಾ 5ನೇ ಹಂತ ಮತ್ತು ಇಳಿಯುತ್ತಿರುವ ಆರೋಗ್ಯ. ಲಿವರಿನವರಲ್ಲಿ ಔಷಧಿಗೂ ಬಗ್ಗದ ಹೊಟ್ಟೆ ನೀರು. ಮರೆವಿನ ಕಾಯಿಲೆಯಲ್ಲಿ ಮಾತು ಕಡಿಮೆಯಾಗುವುದು, ಊಟ ನುಂಗಲು ಕಷ್ಟ, ಪದೇ ಪದೇ ನ್ಯುಮೋನಿಯಾ. ಕ್ಯಾನ್ಸರ್ ಇದ್ದಕ್ಕಿದ್ದಂತೆ ಇಳಿಜಾರಿಗೆ ಬೀಳಬಹುದು, ಹೃದಯದ ಕಾಯಿಲೆ ಏರಿಳಿತದಲ್ಲಿ ಸಾಗುತ್ತದೆ, ಮರೆವು ವರ್ಷಗಟ್ಟಲೆ ನಿಧಾನಕ್ಕೆ ಇಳಿಯುತ್ತದೆ. ಹೃದಯದವರು ಪ್ರತಿ ಸಲ ಚೇತರಿಸಿಕೊಂಡು ಮನೆಗೆ ಬರುವುದರಿಂದ "ಈಗ ಆರಾಮ ಇದ್ದಾರಲ್ಲ" ಅಂತ ನಾವು ಮುಂದೂಡುತ್ತೇವೆ, ಅಷ್ಟರಲ್ಲಿ ಮುಂದಿನ ಸಲ ಬಂದುಬಿಡುತ್ತದೆ.

ಒಂದು ಎಚ್ಚರಿಕೆ. ಇಳಿಮುಖ ಕಂಡ ಕೂಡಲೇ ಎಲ್ಲವನ್ನೂ ಕಾಯಿಲೆಯ ಲೆಕ್ಕಕ್ಕೆ ಹಾಕಬೇಡಿ. ರಕ್ತಹೀನತೆ, ಸೋಂಕು, ಔಷಧಿಯ ಅಡ್ಡಪರಿಣಾಮ, ಖಿನ್ನತೆ ಇವೆಲ್ಲ ಸರಿಪಡಿಸಬಹುದಾದವು, ಮೊದಲು ಅವನ್ನು ನೋಡಿ. ಕ್ಯಾನ್ಸರ್ ಇರುವವರಿಗೆ ಹೊಸದಾಗಿ ಬೆನ್ನುನೋವು ಬಂದು ಕಾಲಿನ ಶಕ್ತಿ ಹೋಗುತ್ತಿದೆ ಅಂದರೆ ಬೆನ್ನುಹುರಿ ಒತ್ತಿಕೊಂಡಿರಬಹುದು, ಅವತ್ತೇ ದೊಡ್ಡ ಆಸ್ಪತ್ರೆಗೆ ಕಳಿಸಿ.

ಈಗ ಕೂತು ಮಾತಾಡಿ. ನೋವು ಎಷ್ಟಿದೆ ಅಂತ 0ಯಿಂದ 10ರೊಳಗೆ ಹೇಳಲು ಕೇಳಿ, ದಮ್ಮು, ನಿದ್ದೆ, ಹಸಿವು, ಮಲಬದ್ಧತೆಯನ್ನೂ ವಿಚಾರಿಸಿ. "ನಿಮಗೆ ಈಗ ಯಾವುದರ ಚಿಂತೆ ಜಾಸ್ತಿ?" ಅಂತ ಕೇಳಿ ಸುಮ್ಮನಿರಿ. ಬರುವ ಉತ್ತರ ದುಡ್ಡಿನದ್ದಿರಬಹುದು, ಮಕ್ಕಳದ್ದಿರಬಹುದು, ಸಾವಿನ ಭಯದ್ದಿರಬಹುದು. ಇಂಗ್ಲೆಂಡಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಗಾಲದ ರೋಗಿಗಳ ಆರೈಕೆ ಕೇಂದ್ರ) ತೆರೆದ ಸಿಸಿಲಿ ಸಾಂಡರ್ಸ್, ದೇಹದ ನೋವಿನ ಜೊತೆ ಇವೂ ನೋವೇ ಅಂತ ಒತ್ತಿ ಹೇಳಿದವರು. "ಹಾಗಾದರೆ ಚಿಕಿತ್ಸೆ ನಿಲ್ಲಿಸುತ್ತೀರಾ?" ಅಂತ ಮನೆಯವರು ಹೆದರಿ ಕೇಳುತ್ತಾರೆ. ಇಲ್ಲ, ಎರಡೂ ಜೊತೆಯಲ್ಲೇ ನಡೆಯುತ್ತವೆ ಅಂತ ಸ್ಪಷ್ಟವಾಗಿ ಹೇಳಿ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹರಡಿದ ಶ್ವಾಸಕೋಶ ಕ್ಯಾನ್ಸರಿಗೆ ಚಿಕಿತ್ಸೆಯ ಜೊತೆಗೆ ಶುರುವಿನಿಂದಲೇ ಪ್ಯಾಲಿಯೇಟಿವ್ ಕೇರ್ ಪಡೆದವರ ನೆಮ್ಮದಿ ಹೆಚ್ಚಿತ್ತು, ಅವರು ಬದುಕಿದ ಅವಧಿಯೂ ಜಾಸ್ತಿ: 8.9 ತಿಂಗಳ ಬದಲು 11.6 ತಿಂಗಳು.

ಕೊನೆಗೆ ಎಲ್ಲವನ್ನೂ ಫೈಲಿನಲ್ಲಿ ಬರೆಯಿರಿ: ಏನು ತೊಂದರೆ, ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ, ರೋಗಿಗೆ ಏನು ಬೇಕು, ಏನು ಬೇಡ. ಪ್ರತಿ ಹೆಸರಿನ ಮುಂದೆ ಜವಾಬ್ದಾರಿ ಹೊತ್ತ ನರ್ಸ್ ಅಥವಾ ಕಾರ್ಯಕರ್ತೆಯ ಹೆಸರಿರಲಿ, ರಾತ್ರಿ ನೋವು ಹೆಚ್ಚಾದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು ಮನೆಯವರಿಗೆ ಗೊತ್ತಿರಲಿ. ತಿಂಗಳಿಗೊಮ್ಮೆ ಎಲ್ಲರೂ ಕೂತು ಪಟ್ಟಿ ತಿರುವಿ, ಹೊಸಬರನ್ನು ಸೇರಿಸಿ. ಯಾರಾದರೂ ಸುಧಾರಿಸಿದ್ದರೆ ಹೆಸರು ತೆಗೆಯಲು ಹಿಂಜರಿಯಬೇಡಿ, ಬೇಕಾದಾಗ ಮತ್ತೆ ಸೇರಿಸಬಹುದು.